ಬ್ರೂನೋನ ಕುತ್ತಿಗೆಯಲ್ಲಿ ಹುಳು

ಎರಡು ಕಾರಿರುವ ಮನೆಯವರು ತಮ್ಮ ನಾಯಿಯನ್ನು ಲಗೇಜ್ ಆಟೋದಲ್ಲಿ ಕಳಿಸಿದ್ದರು. ಕಾರಿನ ಸೀಟಿಗೆ ವಾಸನೆ ಹಿಡಿದರೆ ಹೋಗುವುದಿಲ್ಲವಂತೆ. ಇದನ್ನು ನನಗೆ ಹೇಳಿದ್ದು ಆಟೋದ ಹಿಂಬದಿಯಲ್ಲಿ ನಾಯಿಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಬಂದ ಆ ಮನೆಯ ಕೆಲಸದಾಕೆ. ಅವಳ ಸೀರೆಗೆ ವಾಸನೆ ಹಿಡಿದರೆ ಯಾರಿಗೂ ತೊಂದರೆಯಿರಲಿಲ್ಲ.

ಕುಣಿಗಲ್ಲಿನಲ್ಲಿ ನನ್ನದು ಎರಡು ಕೋಣೆಯ ಸಾಕುಪ್ರಾಣಿ ಕ್ಲಿನಿಕ್. ಮುಂದಿನ ಕೋಣೆಯಲ್ಲಿ ಒಂದು ಬೆಂಚು, ಹಿಂದಿನದರಲ್ಲಿ ಒಂದು ಸ್ಟೀಲ್ ಟೇಬಲ್ಲು. ಅಲ್ಲಿರುವ ಡಾಕ್ಟರು ನಾನೊಬ್ಬಳೇ. ಜೊತೆಗೆ ಐವತ್ತು ದಾಟಿದ ಒಬ್ಬ ಕಾಂಪೌಂಡರ್ ಇದ್ದಾರೆ, ಅವರನ್ನು ನಾನು ಭಾಯ್ ಎಂದು ಕರೆಯುತ್ತೇನೆ. ಇಲ್ಲಿಗೆ ಸೇರುವ ಮುಂಚೆ ಅವರು ಕುರಿ ವ್ಯಾಪಾರ ಮಾಡುತ್ತಿದ್ದರು. ಹುಳು ಬಿದ್ದ ಗಾಯವನ್ನು ನನಗಿಂತ ಹೆಚ್ಚು ನೋಡಿದವರು. ಆಟೋ ನಿಂತಾಗ ಅವರು ಬಾಗಿಲಿಗೆ ಹೋದವರೇ ತಿರುಗಿ ಬಂದು ಟೇಬಲ್ಲಿನ ಮೇಲೆ ಹಳೆಯ ಪೇಪರ್ ಹಾಸತೊಡಗಿದರು.

ನಾಯಿಯ ಹೆಸರು ಬ್ರೂನೋ. ಗೋಲ್ಡನ್ ರಿಟ್ರೀವರ್ ಜಾತಿ, ಒಂದು ವರ್ಷದ ಗಂಡು. ಅಮೃತೂರು ರಸ್ತೆಯ ಕಡೆ ಹೊಸದಾಗಿ ಕಟ್ಟಿದ ಮನೆಗೆ ಸೋಫಾ, ತೂಗುಯ್ಯಾಲೆಗಳ ಜೊತೆಗೆ ಬಂದ ನಾಯಿ ಅದು. ಮರಿಯಾಗಿದ್ದಷ್ಟು ದಿನ ಹಾಲ್‌ನಲ್ಲಿತ್ತು, ಮನೆಯವರ ಫೋನುಗಳಲ್ಲಿತ್ತು. ಕೂದಲು ಉದುರತೊಡಗಿದ ಮೇಲೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕಕ್ಕೆ ಹೋಯಿತು. ಮುಂಗಾರು ಶುರುವಾಗಿ ನೊಣ ಹೆಚ್ಚಿದ ದಿನಗಳು. ಅದರ ಬಲಗಿವಿಯ ಕೆಳಗೆ ಕೂದಲು ಅಂಟಂಟಾಗಿ ಜಡೆಗಟ್ಟಿತ್ತು. ಫಿನಾಯಿಲಿನ ವಾಸನೆ, ಅದರಡಿಯಲ್ಲಿ ಕೊಳೆತ ಮಾಂಸದ ವಾಸನೆ.

"ಎಷ್ಟು ದಿನದಿಂದ ಹೀಗಿದೆ?" ಎಂದೆ.

"ನಾಕೈದು ದಿನದಿಂದ ಒಂದೇ ಸಮ ಕುತ್ಗೆ ಕೆರ್ಕಂತಿತ್ತು ಡಾಕ್ಟ್ರಮ್ಮ. ತಲೆ ಒದರಾದು, ಮೂಲೇಲಿ ಹೋಗಿ ಮಲಗಾದು. ನೊಣ ಮುತ್ಕಂತಿದ್ವು. ಅಮ್ಮಾರಿಗೆ ಹೇಳ್ದೆ. ಸ್ನಾನ ಮಾಡ್ಸು, ಸರಿಹೋಗ್ತದೆ ಅಂದ್ರು. ಮಾಡಿಸ್ದೆ. ನಿನ್ನೆ ನೋಡಿದ್ರೆ ತೂತು. ಒಳಗೆ ಮಿಜಿಮಿಜಿ ಅಂತಿತ್ತು. ಫಿನಾಯ್ಲು ಸುರಿದ್ಬುಟ್ಟೆ."

"ನಿನ್ನ ಕಾಲಿಗೆ ಗಾಯ ಆದ್ರೆ ಫಿನಾಯಿಲ್ ಸುರ್ಕೋತೀಯಾ? ಕಕ್ಕಸು ತೊಳೆಯೋದನ್ನ ತಂದು ಪ್ರಾಣಿ ಮೈಮೇಲೆ ಹಾಕ್ತೀಯಲ್ಲ, ನಿನಗೆ ಬುದ್ಧಿ ಇದೆಯಾ?"

ಇನ್ನೂ ಏನೇನೋ ಅಂದೆ. ಅವಳು ನಾಯಿಯ ಮುಂಗಾಲು ಹಿಡಿದುಕೊಂಡು ತಲೆ ತಗ್ಗಿಸಿ ನಿಂತಿದ್ದಳು. ಬೈಸಿಕೊಳ್ಳಬೇಕಾದವರು ಯಾರೂ ಎದುರಿಗಿರಲಿಲ್ಲ. ಸಿಕ್ಕವಳು ಅವಳು.

ಕೆಲಸ ಶುರುಮಾಡಿದೆವು. ಜ್ವರ ನೂರ ನಾಲ್ಕರ ಹತ್ತಿರ. ವಸಡು ಬಿಳಿಚಿತ್ತು, ಚರ್ಮ ಹಿಡಿದೆಳೆದರೆ ಬೇಗ ಹಿಂದಕ್ಕೆ ಕೂರುತ್ತಿರಲಿಲ್ಲ. ಮೊದಲು ಡ್ರಿಪ್, ನೋವಿಗೆ ಇಂಜೆಕ್ಷನ್, ಆಮೇಲೆ ಮಂಪರು. ಭಾಯ್ ಮೆಷಿನ್ ಹಿಡಿದು ಗಾಯದ ಸುತ್ತ ಒಂದು ಗೇಣಗಲ ಕೂದಲು ಬೋಳಿಸಿದರು. ಕೂದಲು ಹೋದ ಮೇಲೇ ಹುಳುವಿನ ಗಾಯ ತನ್ನ ನಿಜವಾದ ಅಳತೆ ತೋರಿಸುವುದು. ಮೇಲೆ ಕಂಡದ್ದು ಕಡಲೆಬೀಜ ತೂರುವಷ್ಟು ತೂತು. ಅಕ್ಕಪಕ್ಕದ ಚರ್ಮ ಮುಟ್ಟಿದರೆ ಒಳಗೆ ಟೊಳ್ಳು. ಫಿನಾಯಿಲ್ ಸುಟ್ಟ ಜಾಗ ಕೆಂಪಗೆ ಸುಲಿದಿತ್ತು. ಫಿನಾಯಿಲ್ ಹಾಕಿದರೆ ಮೇಲಿದ್ದ ನಾಲ್ಕು ಹುಳು ಸಾಯುತ್ತವೆ, ಉಳಿದವು ಇನ್ನೂ ಆಳಕ್ಕೆ ಇಳಿಯುತ್ತವೆ. ಇದನ್ನು ನಾನು ಬೆಂಚಿನ ಮೇಲೆ ಕೂತವರಿಗೆ ನೂರು ಸಲ ಹೇಳಿರಬಹುದು. ಎಲ್ಲರೂ ತಲೆ ಆಡಿಸುತ್ತಾರೆ. ಮನೆಗೆ ಹೋಗಿ ಫಿನಾಯಿಲನ್ನೋ ಸೀಮೆಎಣ್ಣೆಯನ್ನೋ ಸುರಿಯುತ್ತಾರೆ. ಅದರಲ್ಲಿ ಪದವಿ ಓದಿದವರು, ಓದದವರು ಎಂಬ ಭೇದವಿಲ್ಲ.

ಹುಳು ಹೊರಡಿಸಲು ಸಾಮಾನ್ಯವಾಗಿ ಹಾಕುವ ಟರ್ಪೆಂಟೈನನ್ನು, ಸುಟ್ಟ ಚರ್ಮವಾದ್ದರಿಂದ, ಮುಟ್ಟಲಿಲ್ಲ. ಈ ಹುಳುಗಳು ಉಸಿರಾಡುವುದು ಬಾಲದ ತುದಿಯಿಂದ. ತೂತಿನ ಬಾಯಿಗೆ ದಪ್ಪಗೆ ವ್ಯಾಸಲೀನ್ ಮೆತ್ತಿ ಕಾದೆವು. ಉಸಿರು ಕಟ್ಟಿದ ಹುಳುಗಳು ಹಿಂದುಹಿಂದಾಗಿ ಮೇಲೆ ಬಂದವು. ಚಿಮುಟದಿಂದ ಒಂದೊಂದಾಗಿ ಎತ್ತಿ ಟ್ರೇಗೆ ಹಾಕಿದೆ. ಸಿರಿಂಜಿನಲ್ಲಿ ಸಲೈನ್ ತುಂಬಿ ಒತ್ತಡದಿಂದ ತೊಳೆದೆ, ಮತ್ತೆ ಎತ್ತಿದೆ. ಎಳೆದು ತುಂಡು ಮಾಡಬಾರದು. ತುಂಡು ಒಳಗುಳಿದರೆ ಅದೇ ಕೊಳೆಯುತ್ತದೆ. ನೂರರವರೆಗೆ ಎಣಿಸಿ ಬಿಟ್ಟೆ. ಎರಡೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಕೆಲಸದಾಕೆ ನಾಯಿಯ ತಲೆಯನ್ನು ತನ್ನ ಅಂಗೈಯಲ್ಲಿ ಹಿಡಿದುಕೊಂಡು, "ಆಯ್ತು ಕಣೋ ಬುರ್ನ, ಆಯ್ತು" ಎನ್ನುತ್ತಿದ್ದಳು. ಅವಳ ಬಾಯಲ್ಲಿ ಬ್ರೂನೋ ಬುರ್ನನಾಗಿದ್ದ.

ಉಣ್ಣಿಗೆಂದು ಕೊಡುವ ಒಂದು ಮಾತ್ರೆ ಇದೆ, ಈ ಹುಳುವನ್ನೂ ಕೊಲ್ಲುತ್ತದೆ. ನನ್ನ ಬಳಿ ಮುಗಿದಿತ್ತು. ತುಮಕೂರಿನ ಔಷಧಿ ಅಂಗಡಿಯವರು ಪ್ರೈವೇಟ್ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದರು. ಸಂಜೆ ಕೊಟ್ಟೆ.

ಆಗ ನಾಯಿಯ ಯಜಮಾನರ ಫೋನ್ ಬಂತು. ಅವರಿಗೆ ತುಮಕೂರಿನ ಸತ್ಯಮಂಗಲದಲ್ಲಿ ಪೈಪ್ ತಯಾರಿಸುವ ಸಣ್ಣ ಕಾರ್ಖಾನೆಯಿದೆ. ಹಿಂದೆ ಮೆಷಿನ್ನಿನ ಸದ್ದು ಕೇಳುತ್ತಿತ್ತು.

"ಮೇಡಂ, ತುಂಬಾ ಸೀರಿಯಸ್ ಅಂತೆ. ಪಾಪ, ನರಳೋದು ಬೇಡ. ಒಂದು ಇಂಜೆಕ್ಷನ್ ಕೊಟ್ಟು ಮುಗಿಸ್ಬಿಡಿ. ನಮ್ಮನೆಯವ್ರು ಬೆಳಗ್ಗೆಯಿಂದ ಊಟಾನೇ ಮಾಡಿಲ್ಲ."

"ನಾಯಿ ಬದುಕೋ ಹಾಗಿದೆ ಸರ್. ನೀವೊಂದು ಸಲ ಬಂದು ನೋಡಿ."

"ನೋಡಕ್ಕಾಗಲ್ಲ ಮೇಡಂ. ನನಗೆ ಅಂಥದ್ದೆಲ್ಲ ಆಗಲ್ಲ. ನಾನು ತುಂಬಾ ಸೆನ್ಸಿಟಿವ್."

ಈ ಸೆನ್ಸಿಟಿವ್ ಜನರನ್ನು ಕಂಡರೆ ನನಗಾಗುವುದಿಲ್ಲ. ಹುಳು ಬೀಳುವವರೆಗೂ ಮುಟ್ಟಿ ನೋಡಲಾಗದಷ್ಟು ಸೂಕ್ಷ್ಮ. ಬಿದ್ದ ಮೇಲೆ ಕೊಲ್ಲಿಸಲು ಮಾತ್ರ ಧೈರ್ಯ ಬರುತ್ತದೆ, ಅದೂ ಫೋನಿನಲ್ಲಿ. ನೊಣ ಮೊಟ್ಟೆಯಿಟ್ಟು ಹುಳು ಹೊರಬರಲು ಒಂದು ದಿನವೂ ಬೇಡ. ಆದರೆ ಆ ಒಂದು ದಿನದಲ್ಲಿ ಯಾರಾದರೂ ಕೂದಲು ಬಿಡಿಸಿ ನೋಡಿದ್ದರೆ ಬಾಚಣಿಗೆಯಲ್ಲಿ ಮುಗಿಯುವ ಕೆಲಸ. ಆ ಮನೆಯಲ್ಲಿ ನಾಲ್ಕು ಜನ, ನಲವತ್ತು ಬೆರಳು.

ಎರಡನೆಯ ದಿನ ಜ್ವರ ಇಳಿಯಿತು. ಭಾಯ್ ಮೊಟ್ಟೆ ಕಲಸಿದ ಅನ್ನ ಕೊಟ್ಟರು, ಬ್ರೂನೋ ನಾಲ್ಕು ತುತ್ತು ನೆಕ್ಕಿದ. ಗೆದ್ದೆವೆಂದುಕೊಂಡೆ. ಮೂರನೆಯ ದಿನ ಬೆಳಿಗ್ಗೆ ಬಾಗಿಲು ತೆರೆದಾಗ ಅವನು ತಲೆ ಎತ್ತಲಿಲ್ಲ. ಕುತ್ತಿಗೆಯ ಎಡಭಾಗ ಊದಿತ್ತು. ಜ್ವರ ಮತ್ತೆ ಏರಿತ್ತು. ಪಟ್ಟಿ ಬಿಚ್ಚಿದರೆ ತೂತಿನಿಂದ ಕೀವಿನ ಜೊತೆ ಸತ್ತ ಹುಳುಗಳು ಹೊರಬಂದವು, ಹತ್ತಿಪ್ಪತ್ತು.

ಮೊದಲು ನನಗೆ ಬಂದದ್ದು ಭಾಯ್ ಮೇಲೆ ಸಿಟ್ಟು. ರಾತ್ರಿ ಪರದೆ ಸರಿಯಾಗಿ ಕಟ್ಟಿಲ್ಲ, ಮತ್ತೆ ನೊಣ ಕೂತಿದೆ ಎಂದೆ. ಅವರು ಒಂದು ಹುಳುವನ್ನು ಚಿಮುಟದಲ್ಲಿ ಎತ್ತಿ ಬೆಳಕಿಗೆ ಹಿಡಿದರು.

"ಮೇಡಂ, ಇದು ಮೊನ್ನೆ ತೆಗ್ದಿದ್ದಕ್ಕಿಂತ ದೊಡ್ದು. ಒಂದ್ ರಾತ್ರೀಲಿ ಇಷ್ಟು ಬೆಳೆಯಲ್ಲ. ಇವು ಹಳೇವೇ. ಇನ್ನೆಲ್ಲೋ ಕೂತಿದ್ವು."

ಅವರು ಹೇಳಿದ್ದು ಸರಿಯಿತ್ತು. ನಾವು ನೋಡದ ಇನ್ನೊಂದು ಗೂಡಿತ್ತು. ಮಾತ್ರೆ ಅಲ್ಲಿಯ ಹುಳುಗಳನ್ನು ಕೊಂದಿತ್ತು. ಸತ್ತವು ಒಳಗೇ ಕೊಳೆಯುತ್ತಿದ್ದವು. ಮೊಂಡು ತುದಿಯ ಸಲಾಕೆಯನ್ನು ತೂತಿನೊಳಗೆ ಮೆಲ್ಲಗೆ ಬಿಟ್ಟೆ. ಅದು ಚರ್ಮದ ಅಡಿಯಲ್ಲಿ, ಗಂಟಲಿನ ಕೆಳಗಿನಿಂದ, ಎಡಕ್ಕೆ ನೇರವಾಗಿ ಹೋಯಿತು. ಹುಳು ಹೀಗೆ ಗೆರೆ ಎಳೆದಂತೆ ತಿನ್ನುವುದಿಲ್ಲ. ಅದು ಸಿಕ್ಕಕಡೆ ಕೆರೆಯುತ್ತದೆ. ಉಳಿದ ಕೂದಲನ್ನೂ ಬೋಳಿಸಿದೆವು. ಕುತ್ತಿಗೆಯ ಸುತ್ತ ಚರ್ಮದಲ್ಲಿ ಹಳೆಯ ಗಾಯ ಮಾಗಿದಂಥ ಒಂದು ತೆಳ್ಳನೆಯ ಗೆರೆ, ಬಳೆಯ ಹಾಗೆ. ಭಾಯ್ ಅದರ ಮೇಲೆ ಹೆಬ್ಬೆರಳಾಡಿಸಿ ನಿಂತುಬಿಟ್ಟರು.

"ಮೇಡಂ, ಒಳಗೆ ಏನೋ ದಾರದಂಗೆ ಸಿಗ್ತಿದೆ."

ಅದನ್ನು ತೆಗೆಯದೆ ಈ ನಾಯಿ ಉಳಿಯುವುದಿಲ್ಲ ಎಂದು ಆಗ ಗೊತ್ತಾಯಿತು. ತೆಗೆಯಬೇಕೆಂದರೆ ಕುತ್ತಿಗೆಯ ದೊಡ್ಡ ರಕ್ತನಾಳದ ಮೇಲೆಯೇ ಚರ್ಮ ಸೀಳಬೇಕು. ನನ್ನಲ್ಲಿ ಗ್ಯಾಸ್ ಅನಸ್ತೇಷಿಯಾ ಇಲ್ಲ, ರಕ್ತ ಕೊಡುವ ಸೌಕರ್ಯವಿಲ್ಲ. ಬೆಂಗಳೂರಿಗೆ ಕಳಿಸುವುದು ಸರಿಯಾದ ದಾರಿ. ಯಜಮಾನರಿಗೆ ಫೋನ್ ಮಾಡಿ ಕಾರು ಕೇಳಿದೆ. ಸರ್ವಿಸಿಗೆ ಬಿಟ್ಟಿದ್ದಾರಂತೆ. ಎರಡನ್ನೂ ಒಂದೇ ದಿನ. ಬಾಡಿಗೆ ಗಾಡಿ ಹುಡುಕಿದರೂ ಅಷ್ಟು ದೂರದ ಪ್ರಯಾಣವನ್ನು ಆ ಸ್ಥಿತಿಯ ನಾಯಿ ತಡೆಯುತ್ತದೆಂಬ ನಂಬಿಕೆ ನನಗಿರಲಿಲ್ಲ. ಇಲ್ಲೇ ಮಾಡುವುದೆಂದು ನಿರ್ಧರಿಸಿದೆ. ಟೇಬಲ್ಲಿನ ಮೇಲೆ ಸತ್ತರೆ ಊರೆಲ್ಲ ಏನು ಹೇಳುತ್ತದೆಂಬುದೂ ಗೊತ್ತಿತ್ತು.

"ಸಹಿ ಬೇಕು, ಬನ್ನಿ" ಎಂದು ಯಜಮಾನರನ್ನು ಕರೆಸಿದೆ. ಕೊಲ್ಲುವ ಇಂಜೆಕ್ಷನ್ನಿಗೆ ಸಹಿ ಎಂದುಕೊಂಡು, ಮನೆಯಲ್ಲೇ ಇದ್ದ ಅವರು ಹತ್ತೇ ನಿಮಿಷದಲ್ಲಿ ಬಂದರು, ಕಾರಿನಲ್ಲಿ. ಸೆಂಟು ಹಾಕಿದ ಕರ್ಚೀಫು ಮೂಗಿಗೆ ಒತ್ತಿಕೊಂಡು ಹೊಸಲಿನ ಆಚೆಯೇ ನಿಂತರು.

"ಎಲ್ಲಿ ಸಹಿ ಮಾಡ್ಲಿ ಮೇಡಂ?"

"ಒಳಗೆ. ನಾಯಿ ಪಕ್ಕ ನಿಂತು ಮಾಡಿ."

"ಇಲ್ಲೇ ಕೊಟ್ಬಿಡಿ, ಪರವಾಗಿಲ್ಲ."

"ಒಳಗೆ ಬಂದ್ರೆ ಮಾತ್ರ ಪೇಪರ್ ಕೊಡ್ತೀನಿ."

ಬಂದರು. ಬ್ರೂನೋ ಅವರ ದನಿ ಕೇಳಿ ಬಾಲವನ್ನು ಒಂದೇ ಒಂದು ಸಲ ಟೇಬಲ್ಲಿಗೆ ಬಡಿದ. ಯಜಮಾನರು ಗೋಡೆ ನೋಡಿದರು. ಆಪರೇಷನ್ ಎಂದು ಹೇಳಿ ಕಾಗದ ಮುಂದಿಟ್ಟೆ. ಓದದೆ ಸಹಿ ಹಾಕಿ ಹೊರಡಲು ತಿರುಗಿದಾಗ ಅವರ ಕೈಗೇ ಟ್ರೇ ಕೊಟ್ಟೆ. "ಭಾಯ್ ಎರಡೂ ಕೈಯಲ್ಲಿ ನಾಯಿ ಹಿಡ್ಕೋಬೇಕು. ಇದನ್ನ ನೀವು ಹಿಡ್ಕೊಳ್ಳಿ." ಅದು ಅಗತ್ಯವಿತ್ತೇ ಎಂದು ಕೇಳಿದರೆ, ಸ್ಟೂಲಿನ ಮೇಲೆ ಇಟ್ಟರೂ ನಡೆಯುತ್ತಿತ್ತು. ನನಗೆ ಅವರು ನೋಡಬೇಕಿತ್ತು, ಅಷ್ಟೆ.

ಮಂಪರಿನ ಇಂಜೆಕ್ಷನ್ ಕೊಟ್ಟು, ಅದು ಹತ್ತಿದ ಮೇಲೆ ಎಡಭಾಗದಲ್ಲಿ ಊತದ ಮೇಲೆ ಎರಡು ಬೆರಳಗಲ ಸೀಳಿದೆ. ಕೀವು ಟ್ರೇಗೆ ಬಂತು. ಅದರ ಹಿಂದೆ ಹುಳುಗಳ ಒಂದು ಮುದ್ದೆ. ಯಜಮಾನರು ಒಂದು ನಿಮಿಷ ತಡೆದರು, ಆಮೇಲೆ ಟ್ರೇ ಕೆಳಗಿಟ್ಟು ಹೊರಗೋಡಿ ಚರಂಡಿಗೆ ವಾಂತಿ ಮಾಡಿಕೊಂಡರು. ನಾನು ಒಳಗೊಳಗೇ ಖುಷಿಪಟ್ಟೆ. ಚಿಮುಟವನ್ನು ಬೆರಳಿನ ಮೇಲೇ ಜಾರಿಸಿಕೊಂಡು ಒಳಗೆ ಇಳಿಸಿದೆ. ರಕ್ತನಾಳ ಚಿಮುಟದ ಪಕ್ಕದಲ್ಲೇ ಮಿಡಿಯುತ್ತಿತ್ತು. ಕಪ್ಪನೆಯದೇನೋ ಸಿಕ್ಕಿತು. ಎತ್ತಿ, ಕತ್ತರಿಸಿ, ಒಂದು ತುದಿ ಹಿಡಿದು ಇಂಚಿಂಚಾಗಿ ಎಳೆದೆ. ಅದು ಬರುತ್ತಲೇ ಹೋಯಿತು. ಕಪ್ಪು ನೈಲಾನ್ ದಾರ. ಮಧ್ಯದಲ್ಲಿ ಒಂದು ಹಿತ್ತಾಳೆ ತಾಯತ.

ದೃಷ್ಟಿ ದಾರ.

ನನ್ನ ಖುಷಿ ಅಲ್ಲಿಗೆ ಮುಗಿಯಿತು. ಯಾಕೆಂದರೆ ಆ ದಾರವನ್ನು ನಾನು ಮೊದಲೇ ನೋಡಿದ್ದೆ.

ಐದು ತಿಂಗಳ ಹಿಂದೆ ಲಸಿಕೆ ಹಾಕಲು ಅವರ ಮನೆಗೆ ಹೋಗಿದ್ದೆ. ಕೇಸರಿಬಾತು, ಕಾಫಿ ಕೊಟ್ಟಿದ್ದರು. ಬ್ರೂನೋ ಆಗ ಇನ್ನೂ ಹಾಲ್‌ನಲ್ಲಿದ್ದ. ಕುತ್ತಿಗೆಯ ಚರ್ಮ ಎತ್ತುವಾಗ ಬೆಲ್ಟಿನ ಅಡಿಯಲ್ಲಿ ಆ ದಾರ ಬೆರಳಿಗೆ ಸಿಕ್ಕಿತ್ತು. ಯಜಮಾನರ ಹೆಂಡತಿ, "ದೃಷ್ಟಿ ಆಗ್ಬಾರ್ದು ಅಂತ ಕಟ್ಸಿದೀವಿ ಮೇಡಂ" ಎಂದಿದ್ದರು. "ಇಷ್ಟು ಚೆನ್ನಾಗಿರೋನಿಗೆ ಕಟ್ಟಲೇಬೇಕು ಬಿಡಿ" ಎಂದು ನಾನೂ ನಕ್ಕಿದ್ದೆ. ಕುತ್ತಿಗೆಯ ಬೆಲ್ಟಿನೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು ಎನ್ನುವುದು ನಾಯಿ ಸಾಕುವ ಮಕ್ಕಳಿಗೂ ನಾನು ಹೇಳಿಕೊಡುವ ಪಾಠ. ಆ ದಾರದೊಳಗೆ ಹೋಗಿದ್ದು ಒಂದು ಬೆರಳು, ಅದೂ ಬಿಗಿಯಾಗಿ. ನಾಯಿ ಇನ್ನೂ ಬೆಳೆಯಲಿತ್ತು. ನೈಲಾನ್ ಬೆಳೆಯುವುದಿಲ್ಲ. ಇಷ್ಟು ಲೆಕ್ಕ ನನಗೆ ಬರುತ್ತಿರಲಿಲ್ಲವೇ? ಕತ್ತರಿ ನನ್ನ ಚೀಲದಲ್ಲೇ ಇತ್ತು. ಕಾಫಿ ಕೊಟ್ಟ ಮನೆಯವರ ನಂಬಿಕೆಯ ಮಾತೇಕೆ ಎತ್ತುವುದೆಂದು ಸುಮ್ಮನಾಗಿದ್ದೆ. ಲಸಿಕೆ ಪುಸ್ತಕದಲ್ಲಿ 'ಆರೋಗ್ಯವಾಗಿದೆ' ಎಂದು ಬರೆದು ಸಹಿ ಹಾಕಿದ್ದೆ.

ಗಾಯವನ್ನು ಹೊಲಿಯಲಿಲ್ಲ. ಹುಳು ಬಿದ್ದ ಗಾಯವನ್ನು ತೆರೆದೇ ಬಿಡಬೇಕು, ತಳದಿಂದ ಮಾಂಸ ತುಂಬಿಕೊಂಡು ಬರಬೇಕು. ಸಲೈನಿನಲ್ಲಿ ಮತ್ತೆ ಮತ್ತೆ ತೊಳೆದು, ಸತ್ತ ಅಂಗಾಂಶ ಕತ್ತರಿಸಿ, ಸಡಿಲವಾಗಿ ಪಟ್ಟಿ ಸುತ್ತಿದೆ. ಬ್ರೂನೋ ಉಸಿರಾಡುತ್ತಿದ್ದ. ಭಾಯ್ ಟೇಬಲ್ಲಿನ ಅಂಚು ಹಿಡಿದು ನಿಂತು ಒಂದು ದೊಡ್ಡ ಉಸಿರು ಬಿಟ್ಟರು.

ಹೊರಗೆ ಬಂದೆ. ಯಜಮಾನರು ಬೆಂಚಿನ ಮೇಲೆ ಬಾಯಿ ಒರೆಸಿಕೊಳ್ಳುತ್ತ ಕೂತಿದ್ದರು. ದಾರವನ್ನು ಹತ್ತಿಯ ಮೇಲಿಟ್ಟು ತೋರಿಸಿದೆ. ಕಟ್ಟಿದ್ದು ನೀವು, ಮರೆತದ್ದು ನೀವು, ಹಿತ್ತಲಿಗೆ ಅಟ್ಟಿದ್ದು ನೀವು ಎಂದು ಹೇಳಿ ನಿಲ್ಲಿಸಿದ್ದರೆ ಯಾರೂ ನನ್ನನ್ನು ಪ್ರಶ್ನಿಸುತ್ತಿರಲಿಲ್ಲ. ಹೇಳಿದೆ ಕೂಡ. ಆದರೆ ಅಲ್ಲಿಗೆ ನಿಲ್ಲಿಸಲು ಆಗಲಿಲ್ಲ.

"ಸರ್, ಲಸಿಕೆ ಹಾಕಿದ ದಿನ ನಾನಿದನ್ನ ನೋಡಿದ್ದೆ. ಬಿಗಿಯಾಗಿತ್ತು. ಅವತ್ತೇ ಕತ್ತರಿಸಬೇಕಿತ್ತು. ನಿಮಗೂ ಹೇಳಬೇಕಿತ್ತು. ಹೇಳ್ಲಿಲ್ಲ."

ಅವರ ಮುಖ ನೋಡಬೇಕಿತ್ತು. ಅಷ್ಟು ಹೊತ್ತು ಬಿಳಿಚಿಕೊಂಡಿದ್ದ ಮುಖಕ್ಕೆ ರಕ್ತ ಬಂತು. ಬೆನ್ನು ನೆಟ್ಟಗಾಯಿತು.

"ಹಂಗಾದ್ರೆ ನಿಮ್ಮದೇ ಮಿಸ್ಟೇಕ್ ಆಯ್ತಲ್ಲ ಮೇಡಂ! ನಾವು ಏನೋ ಅಂದ್ಕೊಂಡು ಎಷ್ಟು ಬೇಜಾರು ಮಾಡ್ಕೊಂಡಿದ್ವಿ ಗೊತ್ತಾ?"

ಅಲ್ಲೇ ಹೆಂಡತಿಗೆ ಫೋನ್ ಮಾಡಿದರು. "ನಮ್ದೇನಿಲ್ವಂತೆ ಕಣೇ, ಡಾಕ್ಟ್ರೇ ಒಪ್ಕೊಂಡ್ರು. ನೀನು ಊಟ ಮಾಡು." ನಾಯಿ ಬದುಕಿದೆಯೇ ಎಂದು ಆ ಕಡೆಯಿಂದಲೂ ಕೇಳಿದ ಹಾಗೆ ಕಾಣಲಿಲ್ಲ. ಮನುಷ್ಯ ಇಷ್ಟು ಅಗ್ಗಕ್ಕೆ ಹಗುರಾಗುವುದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ. ಆ ಮಾತು ಎರಡೇ ದಿನದಲ್ಲಿ ಊರಲ್ಲಿ ಓಡಾಡಿತು. ಬೆಕ್ಕಿನ ಲಸಿಕೆಗೆ ಬರುವ ಒಬ್ಬರು, "ಅದೇನೋ ಆಯ್ತಂತಲ್ಲ ಮೇಡಂ" ಎಂದು ಕೇಳಿಯೇ ಕೇಳಿದರು. ಹೌದು ಎಂದೆ.

ಬ್ರೂನೋ ಐದು ವಾರ ನನ್ನಲ್ಲೇ ಇದ್ದ. ಮೊದಲ ವಾರ ದಿನಕ್ಕೆರಡು ಸಲ ತೊಳೆದು ಪಟ್ಟಿ ಬದಲಿಸುವುದು, ಗಾಯದ ಅಂಚಿನ ಆಚೆ ನೊಣ ಬಾರದಂತೆ ಬೇವಿನೆಣ್ಣೆ, ಪಂಜರದ ಸುತ್ತ ಸೊಳ್ಳೆ ಪರದೆ. ಕೆಲಸದಾಕೆ ದಿನಾ ಬೆಳಿಗ್ಗೆ ಆ ಮನೆಗೆ ಹೋಗುವ ದಾರಿಯಲ್ಲಿ ಬರುತ್ತಿದ್ದಳು. ಹೇಳದೆಯೇ ಬಕೆಟ್ ತೊಳೆದಿಡುತ್ತಿದ್ದಳು.

ಒಂದು ದಿನ ಹೇಳಿದೆ. "ಅವತ್ತು ನಿನಗೆ ಸುಮ್ಮಸುಮ್ಮನೆ ಬೈದೆ."

"ಸುಮ್ಸುಮ್ನೆ ಎಲ್ಲಿ ಬೈದ್ರಿ? ಫಿನಾಯ್ಲು ಹಾಕಿದ್ದು ನಾನೇ ಅಲ್ವಾ" ಎಂದಳು. "ಬೈಯೋದ್ರ ಬದ್ಲು ಏನ್ ಹಾಕ್ಬೇಕಿತ್ತು ಹೇಳಿ."

ಹೇಳಿದೆ. ಅಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿದವರು ಕಡಿಮೆ. ದಿನಾ ಒಂದು ಸಲ ಕೈಯಾಡಿಸಿ ನೋಡಬೇಕು, ಕಿವಿಯ ಹಿಂದೆ, ಕುತ್ತಿಗೆಯ ಸುತ್ತ, ಬಾಲದ ಕೆಳಗೆ, ಬೆರಳ ಸಂದಿಯಲ್ಲಿ. ಒಂದೇ ಜಾಗ ನೆಕ್ಕುತ್ತಿದ್ದರೆ, ಅಲ್ಲಿ ಕೂದಲು ಒದ್ದೆಯಿದ್ದರೆ, ನೊಣ ಬಿಡದೆ ಸುತ್ತುತ್ತಿದ್ದರೆ ಅನುಮಾನಿಸಬೇಕು. ಮೊಟ್ಟೆ ರವೆಯ ಹಾಗೆ ಕೂದಲಿಗೆ ಅಂಟಿರುತ್ತದೆ, ಆಗಲೇ ಬಾಚಿ ತೆಗೆಯಬೇಕು. ಭೇದಿಯಾದರೆ ಹಿಂಬದಿ ತೊಳೆದು ಒಣಗಿಸಬೇಕು. ಸಣ್ಣ ಗಾಯಕ್ಕೆ ಉಪ್ಪುನೀರು ಸಾಕು. ತೂತು ಕಂಡರೆ ಏನೂ ಸುರಿಯದೆ ಕರೆದುಕೊಂಡು ಬರಬೇಕು. ಅವಳು ಕೇಳುತ್ತ ಕೇಳುತ್ತ ಬ್ರೂನೋನ ಮೈಮೇಲೆ ಆ ಜಾಗಗಳನ್ನೆಲ್ಲ ಮುಟ್ಟಿ ನೋಡಿಕೊಂಡಳು. ಒಂದನ್ನು ಮರೆತಿದ್ದೆ. "ಪಾದದಡಿ ನೋಡ್ಬ್ಯಾಡ್ವಾ?" ಎಂದು ಅವಳೇ ಕೇಳಿದಳು.

ನಾಯಿಯನ್ನು ವಾಪಸ್ ಕಳಿಸಲು ನನಗೆ ಮನಸ್ಸಿರಲಿಲ್ಲ. ಆದರೆ ಅದು ಅವರದು. ನಾಯಿಯನ್ನು ನೋಡಿಕೊಳ್ಳಲು ಕೆಲಸದಾಕೆಗೇ ಬಿಡಬೇಕು, ಅದಕ್ಕೆ ಬೇರೆ ಸಂಬಳ ಕೊಡಬೇಕು ಎಂದು ಯಜಮಾನರಿಗೆ ಹೇಳಿದೆ. ಮುಟ್ಟುವ ಕೆಲಸ ತಪ್ಪಿತೆಂದು ಅವರು ತಕ್ಷಣ ಒಪ್ಪಿದರು. ಈ ಸಲ ಕಾರು ತಂದಿದ್ದರು. ಬ್ರೂನೋನನ್ನು ಭಾಯ್ ಕೈಯಲ್ಲಿ ಸ್ನಾನ ಮಾಡಿಸಿ, ಒಣಗಿಸಿ ಕೊಟ್ಟೆವಲ್ಲ, ಅದಕ್ಕೆ. ಫೋಟೋ ತೆಗೆದುಕೊಂಡರು. ನಾನು ಪಕ್ಕಕ್ಕೆ ಸರಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಕೆಲಸದಾಕೆಯ ಫೋನ್ ಬಂತು.

"ಡಾಕ್ಟ್ರಮ್ಮ, ಇವತ್ತು ಬುರ್ನನ ಬಾಲದ ಕೆಳಗೆ ನೊಣ ಮೊಟ್ಟೆ ಇಕ್ಕಿದ್ವು. ರವೆ ಅಂಟ್ಕಂಡಂಗೇ ಇತ್ತು, ನೀವು ಹೇಳ್ದಂಗೆ. ಎರಡು ದಿನದಿಂದ ಭೇದಿ ಆಗ್ತಿತ್ತು."

"ಏನು ಮಾಡಿದೆ?"

"ಕೂದ್ಲು ಕತ್ತರಿಸಿ, ಹೇನು ಬಾಚಣಿಗೇಲಿ ಬಾಚ್ದೆ. ತೊಳ್ದು, ಒರಸಿ, ಫ್ಯಾನ್ ಕೆಳಗೆ ಮಲಗ್ಸಿದೀನಿ."

"ಹಿತ್ತಲಲ್ಲಿ ಫ್ಯಾನ್ ಎಲ್ಲಿದೆ?"

"ಹಿತ್ಲಲ್ಲಿ ಎಲ್ಲೈತೆ? ಹಾಲ್‌ನಾಗೆ ಮಲಗ್ಸಿದೀನಿ. ಅಮ್ಮಾರು ವಾಸ್ನೆ ಅಂದ್ರು. ಹಂಗಾದ್ರೆ ಒಣಗೋಗಂಟ ನೀವೇ ಆಚೆ ಕೂತಿರಿ ಅಂದೆ."

"ನಾನು ಬಂದು ನೋಡ್ಲಾ?" ಎಂದೆ.

"ಬ್ಯಾಡ ಬುಡಿ. ಚರ್ಮ ಎಲ್ಲ ಬಿಡಿಸಿ ನೋಡ್ದೆ, ಎಲ್ಲೂ ತೂತಿಲ್ಲ. ಭೇದಿಗೆ ಮಾತ್ರೆ ಇದ್ರೆ ಭಾಯ್ ಕೈಲಿ ಕಳ್ಸಿ."

ನಾನು ಹ್ಞೂಂ ಎನ್ನುವಷ್ಟರಲ್ಲಿ ಅವಳು ಫೋನ್ ಇಟ್ಟಿದ್ದಳು.